ಪಾಡ್‌ಕಾಸ್ಟ್: ವಾರ್ಡ್‌ರೋಬ್ ಮಾಡಿಸೋ ಮುಂಚೆ ಬಟ್ಟೆ ಎಣಿಸಿ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ಬೆಂಗಳೂರಲ್ಲಿ ಚಿಕ್ಕದೊಂದು ಫ್ಲ್ಯಾಟ್ ತಗೊಂಡಾಗ, ಮೊಬೈಲ್‌ನಲ್ಲಿ ಫೋಟೊ ನೋಡಿ ವಾರ್ಡ್‌ರೋಬ್ ಮಾಡಿಸಿದೆ. ಸ್ಲೈಡಿಂಗ್ ಬಾಗಿಲು, ಹೊಳೆಯೋ ಲ್ಯಾಮಿನೇಟ್. ಹಿಂದಿನ ಗೋಡೆ ಬಾತ್‌ರೂಮಿನದ್ದು ಅನ್ನೋದು ತಲೆಗೇ ಬರಲಿಲ್ಲ. ಗೌರಿ ಹಬ್ಬದ ದಿನ ಅಮ್ಮ ತನ್ನ ಧಾರೆ ಸೀರೆ ತೆಗೆದರೆ, ಮಡಿಕೆ ಉದ್ದಕ್ಕೂ ಬೂಷ್ಟು! ‘ಬಿಡು ಮಗಾ, ಹಳೇ ಸೀರೆ’ ಅಂದಳು. ಬೈದಿದ್ರೇ ಚೆನ್ನಾಗಿರ್ತಿತ್ತು.

ಎರಡನೇ ಸಲ ಬಂದ ಕಾರ್ಪೆಂಟರ್ ಡಿಸೈನ್ ಕೇಳಲೇ ಇಲ್ಲ. ‘ಏನೇನು ಇಡ್ತೀರಿ, ಬರ್ಕೊಡಿ ಸಾರ್’ ಅಂದ್ರು. ಎಲ್ಲವನ್ನೂ ಮಂಚದ ಮೇಲೆ ಸುರಿದು ಎಣಿಸಿದ್ವಿ. ನೇತುಹಾಕೋ ಬಟ್ಟೆಗಿಂತ ಮಡಚಿಡೋದೇ ಜಾಸ್ತಿ ಇತ್ತು!

ಆಮೇಲೆ ಅಳತೆ. ಹ್ಯಾಂಗರ್ ಆರಾಮಾಗಿ ಹಿಡಿಸಬೇಕಾದ್ರೆ ಸುಮಾರು 24 ಇಂಚು ಆಳ ಬೇಕು. ಸ್ಲೈಡಿಂಗ್ ಬಾಗಿಲ ಹಳಿ ಅದರಲ್ಲಿ ಮೂರ್ನಾಲ್ಕು ಇಂಚು ತಿನ್ನುತ್ತೆ, ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತೆ. ಮಂಚ ತೀರಾ ಹತ್ತಿರ ಇದ್ರೆ ಮಾತ್ರ ಅದು ಸರಿ. ಅಂಗಿಗೆ 40 ಇಂಚು ಎತ್ತರ ಸಾಕು, ಹಾಗಾಗಿ ಒಂದರ ಕೆಳಗೊಂದು ಎರಡು ರಾಡ್ ಹಾಕಿಸಬಹುದು. ಉದ್ದನೆ ಗೌನ್‌ಗೆ 60 ಇಂಚು ಬಿಡಿ. ಶೆಲ್ಫ್‌ಗಳ ನಡುವೆ 12 ಇಂಚು ಸಾಕು. ಜಾಸ್ತಿ ಬಿಟ್ಟರೆ ಬಟ್ಟೆ ರಾಶಿ ಬೀಳೋದು ಗ್ಯಾರಂಟಿ.

ಅಮ್ಮನಿಗೆ ಮೊಣಕಾಲು ನೋವು, ಬಗ್ಗೋಕಾಗಲ್ಲ. ಅದಕ್ಕೆ ಅವಳ ಸೀರೆ ಡ್ರಾಯರ್ ಸೊಂಟದ ಎತ್ತರಕ್ಕೆ ಬಂತು. ವರ್ಷಕ್ಕೊಮ್ಮೆ ಇಳಿಸೋ ಸೂಟ್‌ಕೇಸು, ದಸರಾ ಗೊಂಬೆಗಳು ಮೇಲಿನ ಲಾಫ್ಟ್‌ಗೆ ಹೋದವು.

ಪ್ಲೈವುಡ್ ತಗೋವಾಗ ಮುದ್ರೆ ನೋಡಿ. ಐಎಸ್ 710 ಅಂದ್ರೆ ಮರೈನ್ ಪ್ಲೈ, ನೀರು ಚೆನ್ನಾಗಿ ತಡ್ಕೊಳ್ಳುತ್ತೆ. ಒಣ ರೂಮಿಗೆ ಐಎಸ್ 303 ಸಾಕು. ಆದರೆ ಗೋಡೆ ಒದ್ದೆ ಇದ್ರೆ ಎಂಥಾ ಪ್ಲೈ ಹಾಕಿದ್ರೂ ಒಳಗಿರೋ ಬಟ್ಟೆ ಉಳಿಯಲ್ಲ. ಮೊದಲು ಸೋರಿಕೆ ರಿಪೇರಿ ಮಾಡಿಸಿ. ನಾನು ರಿಪೇರಿನೂ ಮಾಡಿಸಿದೆ, ವಾರ್ಡ್‌ರೋಬನ್ನ ಎದುರಿನ ಗೋಡೆಗೂ ಬದಲಾಯಿಸಿದೆ.

ಧಾರೆ ಸೀರೆ ಡ್ರೈಕ್ಲೀನ್ ಆಗಿ ಬಂತು. ಸೆರಗಲ್ಲಿ ಒಂದು ಕಲೆ ಮಾತ್ರ ಹೋಗಲೇ ಇಲ್ಲ. ಈಗ ಅದನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀವಿ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸೋ ಕೆಲಸ ನಂದು.

ಇದನ್ನ ಕೇಳಿ ಮುಗಿಸಿದ ಮೇಲೆ ಒಂದು ಸಲ ನಿಮ್ಮ ಬೀರು ಹಿಂದಿನ ಗೋಡೆ ಮುಟ್ಟಿ ನೋಡಿ. ತಣ್ಣಗೆ, ಒದ್ದೆ ಒದ್ದೆ ಅನ್ನಿಸಿದ್ರೆ ಇವತ್ತೇ ಬಟ್ಟೆ ಹೊರಗೆ ತೆಗೀರಿ. ಮುಂದಿನ ವಾರ ಸಿಗೋಣ.