ಐಸ್ ಹಾಕಿಯನ್ನು ಸೂರಿನಡಿಗೆ ತಂದ ಜೇಮ್ಸ್ ಕ್ರೈಟನ್

1875ರ ಮಾರ್ಚ್ 3, ಕೆನಡಾದ ಮಾಂಟ್ರಿಯಲ್ ನಗರ. ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ಕಾಲಿಗೆ ಸ್ಕೇಟ್ ಕಟ್ಟಿ, ಕೈಲಿ ಕೋಲು ಹಿಡಿದ ಹದಿನೆಂಟು ಜನ, ಒಂದೊಂದು ಕಡೆ ಒಂಬತ್ತು. ಒಳಾಂಗಣದಲ್ಲಿ ನಡೆದ ಮೊದಲ ಸಂಘಟಿತ ಐಸ್ ಹಾಕಿ ಪಂದ್ಯ ಅಂತ ಇವತ್ತು ಹೇಳೋದು ಇದನ್ನೇ. ಪಂದ್ಯ ಏರ್ಪಡಿಸಿ, ತಾವೇ ಒಂದು ತಂಡದ ನಾಯಕರಾಗಿ 2-1ರಿಂದ ಗೆದ್ದವರು ಜೇಮ್ಸ್ ಕ್ರೈಟನ್. ಆಗ ಅವರಿಗೆ 24 ವರ್ಷ, ವೃತ್ತಿಯಲ್ಲಿ ಎಂಜಿನಿಯರ್.

ಹುಟ್ಟೂರು ಹ್ಯಾಲಿಫ್ಯಾಕ್ಸ್. ಅಲ್ಲಿ ಕೆರೆ ಹೆಪ್ಪುಗಟ್ಟಿದರೆ ಸಾಕು, ಕೋಲು ಸಿಕ್ಕವರೆಲ್ಲ ಇಳಿದುಬಿಡೋರು. ತಂಡಕ್ಕೆ ಇಷ್ಟೇ ಜನ ಅನ್ನೋ ಕಟ್ಟುಪಾಡು ಇರಲಿಲ್ಲ. ಕೆಲಸಕ್ಕಂತ ಮಾಂಟ್ರಿಯಲ್‌ಗೆ ಬಂದ ಕ್ರೈಟನ್, ಈ ಬಯಲಿನ ಆಟವನ್ನ ನಾಲ್ಕು ಗೋಡೆಗಳ ಒಳಗೆ ತಂದರು.

ತಂದಮೇಲೆ ತೊಡಕು ಶುರು. ರಿಂಕ್‌ನ ಮಂಜುಗಡ್ಡೆ ಉದ್ದ ಸುಮಾರು 200 ಅಡಿ, ಅಗಲ 80. ಅದರ ಅಂಚಿಗೇ ಪ್ರೇಕ್ಷಕರು ನಿಲ್ಲೋ ಜಗಲಿ. ಈಗಿನ ಹಾಗೆ ಎತ್ತರದ ತಡೆಗೋಡೆ ಇಲ್ಲ, ಗಾಜಿಲ್ಲ. ಚೆಂಡು ಪುಟಿದರೆ ನೋಡೋಕೆ ಬಂದವರ ಮುಖಕ್ಕೇ ಪೆಟ್ಟು. ಅದಕ್ಕೆ ಅವತ್ತು ಚೆಂಡು ಬಿಟ್ಟು, ಮರದ ದುಂಡನೆಯ ಚಪ್ಪಟೆ ಬಿಲ್ಲೆ ಇಟ್ಟರು. ಅದು ನೆಲ ಬಿಟ್ಟು ಏಳಲ್ಲ, ಜಾರುತ್ತೆ. ಜನ ಹೆದರಬಾರದು ಅಂತ ಮಾಂಟ್ರಿಯಲ್ ಗೆಜೆಟ್ ಪತ್ರಿಕೆ ಇದನ್ನ ಮೊದಲೇ ತಿಳಿಸಿತ್ತು. ಇವತ್ತಿನ ರಬ್ಬರ್ ಪಕ್ ಆ ಬಿಲ್ಲೆಯ ವಂಶದ್ದೇ.

ನನ್ನ ಪ್ರಕಾರ ಕ್ರೈಟನ್ ಅವರ ದೊಡ್ಡ ಕೊಡುಗೆ ಇಲ್ಲೇ ಇರೋದು. ಜಾಗ ಇಕ್ಕಟ್ಟಾದಾಗ ಆಟಗಾರರ ಸಂಖ್ಯೆಗೆ ಮಿತಿ ಬಂತು, ಆಟಕ್ಕೆ ಒಂದು ಹದ ಬಂತು. ಅವತ್ತು ಪಂದ್ಯ ಮುಗಿದಮೇಲೆ ಹೊಡೆದಾಟ ಆಗಿ ಬೆಂಚು ಮುರಿದದ್ದೂ ಪತ್ರಿಕೆಗಳಲ್ಲಿ ಬಂದಿದೆ. ಆದರೂ ಆಟ ನಿಲ್ಲಲಿಲ್ಲ. 1877ರಲ್ಲಿ ಅದೇ ಗೆಜೆಟ್ ಆಟದ ನಿಯಮಗಳನ್ನ ಅಚ್ಚು ಹಾಕಿತು. ಅವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಮೈದಾನದ ಹಾಕಿಯಿಂದ ತಂದವು. ಹಾಗಾಗಿ ನಮ್ಮ ಕೊಡಗಿನ ಮಕ್ಕಳು ಆಡೋ ಹಾಕಿಗೂ ಇದಕ್ಕೂ ನಿಜವಾದ ನೆಂಟಸ್ತನ ಇದೆ.

ಮುಂದೆ ಕ್ರೈಟನ್ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1882ರಲ್ಲಿ ಒಟ್ಟಾವಾಕ್ಕೆ ಹೋಗಿ ಕೆನಡಾ ಸೆನೆಟ್‌ನ ಕಾನೂನು ಅಧಿಕಾರಿಯಾದರು. ಆ ಹುದ್ದೆಯಲ್ಲಿದ್ದದ್ದು 48 ವರ್ಷ! ಆಟ ಮಾತ್ರ ಬಿಡಲಿಲ್ಲ. ರಿಡೋ ಹಾಲ್ ರೆಬೆಲ್ಸ್ ತಂಡದಲ್ಲಿ ಅವರ ಜೊತೆ ಆಡಿದವರಲ್ಲಿ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಅವರ ಮಕ್ಕಳೂ ಇದ್ದರು. ಆ ಹುಡುಗರ ತಂದೆ 1892ರಲ್ಲಿ ಘೋಷಿಸಿದ ಕಪ್ಪೇ ಸ್ಟ್ಯಾನ್ಲಿ ಕಪ್.

1930ರಲ್ಲಿ ಕ್ರೈಟನ್ ತೀರಿಕೊಂಡರು. ಒಟ್ಟಾವಾದ ಬೀಚ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲು ಕೂಡ ಇರಲಿಲ್ಲ. ಒಂದು ದೇಶದ ಚಳಿಗಾಲಕ್ಕೇ ಆಟ ಕೊಟ್ಟವರಿಗೆ ಇದು ಆಗಬಾರದಿತ್ತು. ಕೊನೆಗೆ ಹಾಕಿ ಇತಿಹಾಸದ ಸಂಶೋಧಕರೇ ಮುಂದೆ ನಿಂತು, 2009ರಲ್ಲಿ ಅಲ್ಲೊಂದು ಕಲ್ಲು ಹಾಕಿಸಿದರು.