ಕಲಮು ಎಂಬ ಒಂದೇ ಮಾತು: ಬೆಂಗಳೂರಿನ ಸೇಬಿನ ಕಥೆ

(ಚಾಮರಾಜಪೇಟೆಯಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿ ಎಂದು ಸಂಘದವರು ನನ್ನನ್ನು ಕರೆದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಆ ವಿಷಯದ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ, ನೀವೂ ಅಷ್ಟೇ ಹೊತ್ತು ಆಕಳಿಸಬಲ್ಲಿರಿ. ಅದಕ್ಕೇ ಇವತ್ತು ಬೇರೆ ವಿಷಯ ತಂದಿದ್ದೇನೆ. ಸೇಬಿನ ಮರ ಮತ್ತು ಕಸಿ. ಕೊನೆಗೆ ಅದು ವಿದ್ಯೆಯ ಹತ್ತಿರವೇ ಬಂದು ನಿಲ್ಲುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಸೇಬು ಚಳಿನಾಡಿನ ಮರ. ಕಾಶ್ಮೀರ, ಹಿಮಾಚಲಗಳಲ್ಲಿ ಚಳಿಗಾಲ ಬಂತೆಂದರೆ ಎಲೆಯೆಲ್ಲ ಉದುರಿಸಿ ನಿದ್ದೆ ಹೋಗುತ್ತದೆ. ಆ ನಿದ್ದೆಗೂ ಒಂದು ಲೆಕ್ಕವಿದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಎಷ್ಟು ಗಂಟೆ ಕಳೆಯಿತು ಎಂಬುದನ್ನು ಮರ ಎಣಿಸುತ್ತದೆಯೋ ಎಂಬಂತೆ ಇರುತ್ತದೆ. ಹಳೆಯ ತಳಿಗಳಿಗೆ ಇಂಥ 800ರಿಂದ 1,200 ಗಂಟೆಗಳು ಬೇಕು. ಅಷ್ಟು ಆಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಹೂವಿಲ್ಲ, ಹಣ್ಣಿಲ್ಲ. ನಮ್ಮ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಅಂದರೆ ಸೇಬಿಗೆ ಬೇಕಾದ ಚಳಿ ಈ ಊರಿಗೆ ಒಂದು ಗಂಟೆಯೂ ಬಂದ ದಾಖಲೆಯಿಲ್ಲ.

ಆದರೂ ಬೆಂಗಳೂರಿನಲ್ಲಿ ಸೇಬು ಬೆಳೆಯುತ್ತಿತ್ತು. ನಗಬೇಡಿ. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಎಚ್. ಸಿ. ಜವರಾಯರು 1943ರಲ್ಲಿ ಭಾರತೀಯ ತೋಟಗಾರಿಕೆಯ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ವಿಷಯವೇ ಬೆಂಗಳೂರಿನ ಸೇಬು ವರ್ಷಕ್ಕೆ ಎರಡು ಬೆಳೆ ಕೊಡುವುದು. ಚಳಿನಾಡಿನಲ್ಲಿ ವರ್ಷಕ್ಕೆ ಒಂದೇ ಬೆಳೆ. ಚಳಿಯೇ ಇಲ್ಲದ ನಮ್ಮಲ್ಲಿ ಎರಡು! ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಿನಿಂದ ನೋಡಿದ್ದೆ. ನೋಡಿಯೂ ಕಲಿಯಲಿಲ್ಲ. ಆ ಕಥೆಯನ್ನು ಹೇಳುತ್ತೇನೆ.

ನನ್ನ ಅಬ್ಬಾ ಮಾಲಿಯಾಗಿದ್ದರು. ಚಾಮರಾಜಪೇಟೆಯ ನಮ್ಮ ಗಲ್ಲಿಯಿಂದ ಸೈಕಲ್ಲಿನಲ್ಲಿ ಹೊರಟು ಬಸವನಗುಡಿಯ ನಾಲ್ಕೈದು ಬಂಗಲೆಗಳ ತೋಟ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಒಂದು ಮನೆಯ ಹಿತ್ತಲಲ್ಲಿ ಎರಡು ಸೇಬಿನ ಮರಗಳಿದ್ದವು. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ರಜೆಯ ದಿನ ಅವರ ಜೊತೆ ಹೋಗಿದ್ದೆ. ಹಣ್ಣು ಕಿತ್ತು ಕೆಲವು ವಾರಗಳಾಗಿದ್ದವು. ಹದಿನೈದು ದಿನದಿಂದ ಮರಕ್ಕೆ ನೀರು ನಿಲ್ಲಿಸಿದ್ದರು. ಅಂದು ಬೆಳಗ್ಗೆ ಅಬ್ಬಾ ಏಣಿ ಹಾಕಿಕೊಂಡು ಒಂದೊಂದೇ ಎಲೆಯನ್ನು ಕೈಯಿಂದ ಕೀಳತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಮರ ಪೂರ್ತಿ ಬೋಳು. ಆಮೇಲೆ ಬುಡ ಅಗೆದು ಬೇರಿಗೆ ನಾಲ್ಕು ದಿನ ಬಿಸಿಲು ಗಾಳಿ ತಾಗುವಂತೆ ಬಿಟ್ಟರು.

ಮನೆಯ ಯಜಮಾನಿ ಹೊರಗೆ ಬಂದು ನೋಡಿ ಗಾಬರಿಯಾದರು. "ಏನು ಸಾಬ್ರೇ, ಮರಾನ ಹೀಗೆ ಬೋಳಿಸಿಬಿಟ್ರಲ್ಲ!"

"ಒಂದು ತಿಂಗಳು ತಡೀರಿ ಅಮ್ಮಾವ್ರೆ," ಎಂದರು ಅಬ್ಬಾ.

ನಾನು ಕೇಳಿದ್ದಕ್ಕೆ ನಮ್ಮ ಮನೆಮಾತಿನಲ್ಲಿ ಹೇಳಿದರು: "ಝಾಡ್ ಕು ಜಾಡಾ ದಿಖಾನಾ, ಬೇಟಾ." ಗಿಡಕ್ಕೆ ಚಳಿಗಾಲ ತೋರಿಸಬೇಕು ಮಗನೇ ಎಂದು. ಬುಡಕ್ಕೆ ಗೊಬ್ಬರ ಕೊಟ್ಟು, ಮಣ್ಣು ಮುಚ್ಚಿ, ನೀರು ಬಿಟ್ಟರು. ತಿಂಗಳೊಳಗೆ ಆ ಬೋಳು ಮರ ಬಿಳಿ ನಸುಗೆಂಪು ಹೂವಿನಿಂದ ತುಂಬಿತ್ತು.

ಅಬ್ಬಾ ಮಾಡಿದ್ದೇನು? ಎಲೆ ಇರುವ ತನಕ ಅದರ ಬುಡದ ಮೊಗ್ಗು ಎಲೆಯ ಹತೋಟಿಯಲ್ಲಿರುತ್ತದೆ, ಒಡೆಯುವುದಿಲ್ಲ. ಚಳಿನಾಡಿನಲ್ಲಾದರೆ ಹಾಗೇ ಮೆಲ್ಲಗೆ ಗಾಢನಿದ್ದೆಗೆ ಜಾರುತ್ತದೆ. ಆಮೇಲೆ ನೂರಾರು ಗಂಟೆಗಳ ಚಳಿಯೇ ಅದನ್ನು ಎಬ್ಬಿಸಬೇಕು. ಆದರೆ ಮೊಗ್ಗು ಇನ್ನೂ ಗಾಢನಿದ್ದೆಗೆ ಹೋಗದಿರುವಾಗಲೇ, ಕೊಯ್ಲಾದ ಕೆಲವು ವಾರಗಳಲ್ಲಿ, ನೀರು ನಿಲ್ಲಿಸಿ ಎಲೆ ಕಿತ್ತರೆ ಅದು ಚಳಿಗಾಗಿ ಕಾಯುವುದಿಲ್ಲ. ತೂಕಡಿಸುವವನನ್ನು ಎಬ್ಬಿಸುವುದು ಸುಲಭ, ಗೊರಕೆ ಹೊಡೆಯುವವನನ್ನು ಎಬ್ಬಿಸುವುದು ಕಷ್ಟ ಅಂತಾರಲ್ಲ, ಹಾಗೆ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ ಮಲಾಂಗ್ ಪಟ್ಟಣದ ಬಳಿ ಬಾಟು ಎಂಬ ಊರಿದೆ. ಸಮಭಾಜಕ ವೃತ್ತಕ್ಕೆ ನಮಗಿಂತ ಹತ್ತಿರದ ಜಾಗ. ಅಲ್ಲಿನ ರೈತರು ಇದೇ ರೀತಿ ಕೈಯಿಂದ ಎಲೆ ಕಿತ್ತು ವರ್ಷಕ್ಕೆ ಎರಡು ಬೆಳೆ ತೆಗೆದರು. ಅವರ ಹೆಸರಾಂತ ತಳಿ 'ರೋಮ್ ಬ್ಯೂಟಿ'. ಬೆಂಗಳೂರಿನ ಹಳೆಯ ಸೇಬೂ ಅದೇ.

ಈಗ ಕಸಿಗೆ ಬರೋಣ. ಸೇಬಿನ ಬೀಜ ಹಾಕಿದರೆ ಗಿಡ ಬರುತ್ತದೆ, ಆದರೆ ತಾಯಿಯ ಗುಣ ಬರುವುದಿಲ್ಲ. ಒಂದೇ ಹಣ್ಣಿನ ಐದು ಬೀಜ ಐದು ಬೇರೆ ಬೇರೆ ಜಾತಿಯ ಹಣ್ಣು ಕೊಟ್ಟೀತು, ಹೆಚ್ಚಿನವು ಹುಳಿ. ಆದ್ದರಿಂದ ಬೇಕಾದ ತಳಿಯ ಕಡ್ಡಿಯನ್ನು ಇನ್ನೊಂದು ಬೇರುಸಸಿಗೆ ಕೂಡಿಸಬೇಕು. ತೊಗಟೆಯ ಕೆಳಗೆ ಹಸಿರು ಛಾಯೆಯ ತೆಳುವಾದ ಜೀವಂತ ಪದರ ಒಂದಿದೆ. ಕಡ್ಡಿಯ ಪದರವೂ ಸಸಿಯ ಪದರವೂ ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಕಡ್ಡಿ ಒಣಗುತ್ತದೆ.

ಈ ವಿದ್ಯೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿದ್ದ ಇಬ್ನ್ ಅಲ್ ಅವ್ವಾಮ್ ಅರಬ್ಬಿಯಲ್ಲಿ ಬರೆದ ಕೃಷಿಯ ದೊಡ್ಡ ಗ್ರಂಥದಲ್ಲಿ ಕಸಿಗೇ ಒಂದು ಅಧ್ಯಾಯವಿದೆ. ಅಕ್ಬರನ ಕಾಲದಲ್ಲಿ ಮುಹಮ್ಮದ್ ಕುಲಿ ಅಫ್ಶಾರ್ ಎಂಬಾತ ಕಾಬೂಲಿನಿಂದ ಚೆರ್ರಿ ತಂದು ಕಾಶ್ಮೀರದಲ್ಲಿ ಬೆಳೆಸಿದ್ದನ್ನು, ಕಸಿಯ ಮೂಲಕ ಅಲ್ಲಿ ಜರ್ದಾಳು ಹಣ್ಣು ಹರಡಿದ್ದನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಒಬ್ಬ ಚಕ್ರವರ್ತಿ ತನ್ನ ಕಥೆಯಲ್ಲಿ ಒಬ್ಬ ತೋಟಗಾರನ ಹೆಸರು ಬರೆದಿಟ್ಟ. ನಮ್ಮ ಊರಿನಲ್ಲೇ ನೋಡಿ: 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗನ್ನು ಟಿಪ್ಪು ಬೆಳೆಸಿದ. 1788ರಲ್ಲಿ ಪ್ಯಾರಿಸ್‌ಗೆ ಹೋದ ಅವನ ರಾಯಭಾರಿಗಳು ಫ್ರಾನ್ಸಿನ ದೊರೆಯಿಂದ ಸೈನ್ಯದ ನೆರವಿನ ಜೊತೆಗೆ ಬೀಜಗಳನ್ನೂ ತೋಟಗಾರರನ್ನೂ ಕೇಳಿದ್ದರು.

ಇನ್ನು ಪದದ ವಿಷಯ. ಕನ್ನಡದಲ್ಲಿ ಕಸಿ ಎನ್ನುತ್ತೇವೆ. ನಮ್ಮ ಮನೆಮಾತಿನಲ್ಲಿ 'ಕಲಂ ಬಾಂಧ್ನಾ'. ಧಾರವಾಡದ ಕಡೆ 'ಕಲಮಿ ಮಾವು' ಎನ್ನುವುದು ಇದನ್ನೇ. ಕಲಂ ಎಂದರೆ ಅರಬ್ಬಿಯಲ್ಲಿ ಲೇಖನಿ. ಹಿಂದೆ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕೆತ್ತಿ ಲೇಖನಿ ಮಾಡುತ್ತಿದ್ದರು. ಕಸಿಯ ಕಡ್ಡಿಯನ್ನೂ ಹಾಗೇ ಓರೆಯಾಗಿ ಕೆತ್ತುತ್ತಾರೆ. ಲೇಖನಿ ಕೆತ್ತುವ ಚಾಕುವಿಗೆ 'ಕಲಂತರಾಶ್' ಎಂದು ಹೆಸರು. ಅಬ್ಬಾ ತಮ್ಮ ಕಸಿ ಚಾಕುವನ್ನೂ ಹಾಗೇ ಕರೆಯುತ್ತಿದ್ದರು. ಕನ್ನಡದಲ್ಲಿ ಕಾನೂನಿನ ಕಲಮು ಎಂದಾಗಲೂ ಇದೇ ಪದ. ಬರೆಯುವುದಕ್ಕೂ ಬೆಸೆಯುವುದಕ್ಕೂ ನಮ್ಮ ಹಿರಿಯರು ಒಂದೇ ಮಾತು ಇಟ್ಟುಕೊಂಡಿದ್ದರು. ಬೇರೆ ಮಾಡಿದವರು ನಾವು.

ನಾವು ಅಂದೆನಲ್ಲ, ನಾನು ಎಂದು ತಿದ್ದಿಕೊಳ್ಳುತ್ತೇನೆ. ಹೈಸ್ಕೂಲಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಖಾಲಿ ಜಾಗವಿತ್ತು. ನಾನು 'ವ್ಯಾಪಾರ' ಎಂದು ಬರೆದೆ. ಅಬ್ಬಾ ಕನ್ನಡ ಓದಲಾರರು. ಕೆಳಗೆ ಉರ್ದುವಿನಲ್ಲಿ ರುಜು ಹಾಕಿದರು. ಸಂಜೆ ಖುಷಿಯಿಂದ ನನಗೊಂದು ಹೊಸ ಪೆನ್ನು ತಂದುಕೊಟ್ಟರು. ಆ ಪೆನ್ನಿನಲ್ಲಿ ಬರೆದು ಬಿ.ಎಸ್ಸಿ. ಮುಗಿಸಿದೆ, ಮೇಷ್ಟ್ರಾದೆ, ಮಕ್ಕಳಿಗೆ ಕಸಿಯ ಪಾಠವನ್ನೂ ಮಾಡಿದೆ. ಹಲಗೆಯ ಮೇಲೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿದೆ. ಒಂದು ಕಸಿಯನ್ನೂ ಕಟ್ಟಿ ತೋರಿಸಲಿಲ್ಲ. ನನಗೆ ಬರುತ್ತಿರಲಿಲ್ಲ. ಬರುವವರು ಮನೆಯಲ್ಲೇ ಇದ್ದರು, ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಂದು ದಿನವಾದರೂ ಅವರನ್ನು ತರಗತಿಗೆ ಕರೆದುಕೊಂಡು ಹೋಗಬಹುದಿತ್ತು. ಕರೆಯಲಿಲ್ಲ.

ಅಬ್ಬಾ ತೀರಿಕೊಂಡರು. ಬಸವನಗುಡಿಯ ಆ ಹಿತ್ತಲು ನಿವೇಶನವಾಯಿತು. ಹಾಗೆಯೇ ಈ ಊರಿನ ಎಷ್ಟೋ ತೋಟಗಳು ಹೋದವು. ಕೆ.ಆರ್. ಮಾರುಕಟ್ಟೆಗೆ ಉತ್ತರದ ಸೇಬು ಪೆಟ್ಟಿಗೆಗಟ್ಟಲೆ ಬರುವಾಗ ಇಲ್ಲಿಯ ಸಣ್ಣ ಹಣ್ಣನ್ನು ಕೇಳುವವರಿಲ್ಲ. ನನ್ನ ಪಾಲಿಗೆ ಉಳಿದದ್ದು ಆ ಚಾಕು ಒಂದೇ.

ನಿವೃತ್ತಿಯಾದ ಮೇಲೆ ಅದನ್ನು ಹೊರಗೆ ತೆಗೆದೆ. ಮೊದಲ ವರ್ಷ ಹನ್ನೊಂದು ಕಡ್ಡಿ ಕಟ್ಟಿದೆ, ಹಿಡಿದದ್ದು ಎರಡು. ಕೊನೆಗೆ ಒಬ್ಬ ವಯಸ್ಸಾದ ಮಾಲಿಯ ಪಕ್ಕ ಕೂತು, ಅರವತ್ತು ದಾಟಿದ ಮೇಲೆ, ಅಬ್ಬಾ ಹತ್ತಿರ ಪುಕ್ಕಟೆ ಸಿಗುತ್ತಿದ್ದ ಪಾಠ ಕಲಿತೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದನ್ನು ಹೇಳುತ್ತೇನೆ.

ಮೊದಲನೆಯದು, ತಳಿ. ಶಿಮ್ಲಾ ಸೇಬಿನ ಗಿಡ ಎಂದು ಹೆಸರಿಲ್ಲದ ಸಸಿ ಮಾರುವವರಿಂದ ಕೊಳ್ಳಬೇಡಿ. ಕಡಿಮೆ ಚಳಿ ಸಾಕಾಗುವ ತಳಿಗಳನ್ನೇ ಕೇಳಿ: ಇಸ್ರೇಲಿನಲ್ಲಿ ಹುಟ್ಟಿದ 'ಆ್ಯನಾ', ಬಹಾಮಾಸ್ ದ್ವೀಪಗಳ 'ಡಾರ್ಸೆಟ್ ಗೋಲ್ಡನ್', ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಬಿಸಿ ಕೆಳನಾಡಿನಲ್ಲಿ ರೈತ ಹರಿಮನ್ ಶರ್ಮಾ ಬೆಳೆಸಿದ 'ಎಚ್‌ಆರ್‌ಎಂಎನ್-99'. ಹಿತ್ತಲಲ್ಲಿ ಎಸೆದ ಬೀಜದಿಂದ ಮೊಳೆತ ಗಿಡವನ್ನು ಗಮನಿಸಿ, ಅದರ ಕಡ್ಡಿಯನ್ನು ಪ್ಲಮ್ ಗಿಡಕ್ಕೆ ಕಸಿ ಕಟ್ಟಿ ಆರಂಭಿಸಿದ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ್ಯನಾ ನೆಡುವುದಾದರೆ ಪರಾಗಕ್ಕಾಗಿ ಡಾರ್ಸೆಟ್ ಗೋಲ್ಡನ್ ಜೊತೆಗಿರಲಿ.

ಎರಡನೆಯದು, ಬೇರುಸಸಿ. ಮೇಲಿನದನ್ನು ಎಲ್ಲರೂ ಕೇಳುತ್ತಾರೆ, ಕೆಳಗಿನದನ್ನು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಸಿದ್ಧಪಡಿಸಿದ 'ಎಂಎಂ 111' ಎಂಬ ಬೇರು ನೀರಿನ ಕೊರತೆಯನ್ನೂ ಉಣ್ಣೆಹೇನನ್ನೂ ತಡೆದುಕೊಳ್ಳುತ್ತದೆ.

ಮೂರನೆಯದು, ಕಸಿ ಕಟ್ಟುವುದು. ಚಳಿಗಾಲದ ಕೊನೆಗೆ, ಮೊಗ್ಗು ಉಬ್ಬುವ ಮೊದಲು, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ತಕ್ಷಣ ಕಟ್ಟಲಾಗದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಚಾಕು ಹರಿತವಾಗಿರಲಿ, ಒಂದೇ ಎಳೆತಕ್ಕೆ ಕೆತ್ತಬೇಕು, ಉಜ್ಜಬಾರದು. ಬೇರುಸಸಿಯನ್ನು ಸೀಳಿ, ಕಡ್ಡಿಯನ್ನು ಬೆಣೆಯಂತೆ ಕೂರಿಸಿ, ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಸರಿಯಾಗಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಆಮೇಲೆ ಹಿಡಿಯಿತೋ ಇಲ್ಲವೋ ಎಂದು ದಿನಾ ಅಲ್ಲಾಡಿಸಿ ನೋಡಬೇಡಿ. ನನ್ನ ಮೊದಲ ವರ್ಷದ ಒಂಬತ್ತರಲ್ಲಿ ಕೆಲವು ಸತ್ತದ್ದು ಇದರಿಂದಲೇ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರಿ, ಇಲ್ಲದಿದ್ದರೆ ಅದೇ ಮರವಾಗುತ್ತದೆ. ಮೊದಲ ಎರಡು ವರ್ಷ ಎಲೆ ಕೀಳಬೇಡಿ. ಎಳೆಯ ಮರಕ್ಕೆ ಶಕ್ತಿ ಬರಲಿ. ಇದರಿಂದ ಶ್ರೀಮಂತರಾಗುತ್ತೀರಿ ಎಂದು ನಾನು ಹೇಳುವುದಿಲ್ಲ. ಹಣ್ಣು ಚಿಕ್ಕದು, ಬಣ್ಣ ಕಡಿಮೆ. ಆದರೆ ನಿಮ್ಮ ಹಿತ್ತಲಿನದು.

ಕೊನೆಯ ಮಾತು, ಇಂದು ಬಹುಮಾನ ಸಿಗದ ಮಕ್ಕಳಿಗೆ. ರೋಮ್ ಬ್ಯೂಟಿಯ ಹುಟ್ಟಿನ ಬಗ್ಗೆ ಅಮೆರಿಕದಲ್ಲಿ ಒಂದು ಕಥೆ ಹೇಳುತ್ತಾರೆ. 1817ರ ಸುಮಾರಿಗೆ ಒಹಾಯೊದ ಗಿಲೆಟ್ ಎಂಬ ರೈತನೊಬ್ಬ ಕಸಿ ಸಸಿಗಳ ಕಟ್ಟು ತಂದನಂತೆ. ಅದರಲ್ಲಿ ಒಂದರ ಚಿಗುರು ಕಸಿಯ ಗಂಟಿನ ಕೆಳಗಿನಿಂದ ಬಂದಿತ್ತು. ಅಂದರೆ ಕೆಟ್ಟ ಸಸಿ, ಎಸೆಯಬೇಕಾದ್ದು. ಅವನು ಅದನ್ನು ಮಗನಿಗೆ ಕೊಟ್ಟ, ಮಗ ನದಿಯ ದಡದಲ್ಲಿ ನೆಟ್ಟ. ಆ ಬೇಡದ ಚಿಗುರೇ ರೋಮ್ ಬ್ಯೂಟಿಯಾಗಿ ಜಾವಾಕ್ಕೂ ನಮ್ಮ ಬೆಂಗಳೂರಿಗೂ ಬಂತು. ಅಂಥ ಚಿಗುರನ್ನು ಚಿವುಟಿ ಎಂದು ನಾನೇ ಈಗಷ್ಟೇ ಹೇಳಿದೆ. ಚಿವುಟಲೇಬೇಕು, ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಸಲ. ಆದರೆ ಮಕ್ಕಳ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಜನವರಿಯಲ್ಲಿ ಒಂದು ಭಾನುವಾರ ಕಸಿ ಕಟ್ಟುವ ದಿನ ಇಟ್ಟುಕೊಳ್ಳಿ. ಪಾಠ ಹೇಳಲು ನನ್ನಂಥವರು ಬೇಡ. ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಉಳಿದಿರುವ ಮಾಲಿಗಳನ್ನು ಕರೆಯಿರಿ, ಈ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಹೆಸರು ಹಿಡಿದು ಪರಿಚಯ ಮಾಡಿ. ಅವರ ಮಕ್ಕಳು ಕೆಳಗೆ ಕೂತು ನೋಡಲಿ. ನಾನು ಚಾಕು ತರುತ್ತೇನೆ.

ಮತ್ತೆ ಮಕ್ಕಳೇ, ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಜಾಗ ಬಂದಾಗ ಇದ್ದದ್ದನ್ನೇ ಬರೆಯಿರಿ. ದುಂಡಗೆ, ಓದುವಂತೆ ಬರೆಯಿರಿ.