ವರ್ನನ್ ಕೌಂಟಿಗೆ ಸರ್ಕಾರ ಬಂದ ದಾರಿಗಳು



ಗ್ರಾಮೀಣ ಸಮಾಜ ಮತ್ತು ಪ್ರಭುತ್ವದ ಸಂಬಂಧ ಈ ವಿಚಾರ ಸಂಕಿರಣದ ವಸ್ತು. ಆಶಯ ಭಾಷಣದಲ್ಲಿ ಸಿದ್ಧಾಂತಗಳ ಪಟ್ಟಿ ಒಪ್ಪಿಸುವುದು ವಾಡಿಕೆ. ಆ ಪಟ್ಟಿ ನಿಮ್ಮ ಪ್ರಬಂಧಗಳ ಮೊದಲ ಪುಟಗಳಲ್ಲಿ ಹೇಗೂ ಇದ್ದೇ ಇರುತ್ತದೆ. ಹಾಗಾಗಿ ನಾನು ಒಂದೇ ಒಂದು ಕೌಂಟಿಯನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅಮೆರಿಕದ ಮಧ್ಯಪಶ್ಚಿಮದಲ್ಲಿ, ವಿಸ್ಕಾನ್ಸಿನ್ ರಾಜ್ಯದ ನೈಋತ್ಯಕ್ಕೆ, ಮಿಸಿಸಿಪ್ಪಿ ನದಿಯ ಪೂರ್ವ ದಡದಲ್ಲಿರುವ ವರ್ನನ್ ಕೌಂಟಿ. ವಿಸ್ತೀರ್ಣ ಸುಮಾರು 2,100 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಜನಸಂಖ್ಯೆ 30,714. ಕೌಂಟಿಯ ಆಡಳಿತ ಕೇಂದ್ರ ವಿರೋಕ್ವಾ. ನಮ್ಮ ಕಣ್ಣಿಗೆ ಅದು ಹೋಬಳಿ ಊರಿನಷ್ಟೇ.

ಇದನ್ನೇ ಯಾಕೆ ಆರಿಸಿಕೊಂಡೆ? 2008 ಮತ್ತು 2012ರ ಅಧ್ಯಕ್ಷೀಯ ಚುನಾವಣೆಗಳಲ್ಲಿ ಈ ಕೌಂಟಿ ಒಬಾಮಾ ಅವರನ್ನು ಗೆಲ್ಲಿಸಿತು. 2016, 2020, 2024, ಮೂರು ಸಲವೂ ಟ್ರಂಪ್ ಅವರನ್ನು ಗೆಲ್ಲಿಸಿತು. ವಿಸ್ಕಾನ್ಸಿನ್ ಒಂದರಲ್ಲೇ 2016ರಲ್ಲಿ ಹೀಗೆ ಮಗ್ಗುಲು ಬದಲಿಸಿದ ಕೌಂಟಿಗಳು ಇಪ್ಪತ್ತಕ್ಕೂ ಹೆಚ್ಚು. ಟಿವಿಯ ನಕ್ಷೆಯಲ್ಲಿ ಒಬಾಮಾ ಪಕ್ಷದ ನೀಲಿಯಿದ್ದದ್ದು ಟ್ರಂಪ್ ಪಕ್ಷದ ಕೆಂಪಾಯಿತು, ವಿಶ್ಲೇಷಕರಿಗೆ ಕೆಲಸ ಸಿಕ್ಕಿತು. ನಕ್ಷೆಯಲ್ಲಿ ಕಾಣದ್ದು ಏನೆಂದರೆ, ಕೆಂಪಾದ ಮೇಲೂ ಅಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಇನ್ನೊಂದು ಪಕ್ಷಕ್ಕೇ ಓಟು ಹಾಕುತ್ತಿದ್ದಾರೆ. ನೆರೆಹೊರೆಯವರು, ಒಂದೇ ಚರ್ಚಿಗೆ ಹೋಗುವವರು, ಒಂದೇ ಮನೆಯವರು ಕೂಡ ಎರಡು ಬಣ್ಣಗಳಲ್ಲಿ ಹಂಚಿಹೋಗಿದ್ದಾರೆ.

ಈ ಬದಲಾವಣೆಗೆ ಕೊಡುವ ವಿವರಣೆಗಳಲ್ಲಿ ನನಗೆ ಅತ್ಯಂತ ಗೌರವವಿರುವುದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಜಕೀಯ ವಿಜ್ಞಾನಿ ಕ್ಯಾಥರೀನ್ ಕ್ರೇಮರ್ ಅವರದು. ಅವರು 2007ರಿಂದ ರಾಜ್ಯದ ಸಣ್ಣ ಊರುಗಳಿಗೆ ಹೋಗಿ, ಬೆಳಗಿನ ಕಾಫಿಗೆ ಸೇರುವ ಗುಂಪುಗಳ ನಡುವೆ ಕೂತು ಕೇಳಿಸಿಕೊಂಡರು. ತೆರಿಗೆ ನಮ್ಮದು, ನಿರ್ಧಾರ ರಾಜಧಾನಿಯದು, ಮರ್ಯಾದೆ ನಗರದವರಿಗೆ ಎಂಬ ಹಳ್ಳಿಗರ ಅಸಮಾಧಾನವನ್ನು ಅವರ ಪುಸ್ತಕ ದಾಖಲಿಸಿತು. ಸಮೀಕ್ಷೆಯ ಪ್ರಶ್ನಾವಳಿಗೆ ಸಿಗದ ಮಾತುಗಳು ಅಲ್ಲಿ ಸಿಕ್ಕವು. ನನ್ನ ವಾದ ಅದಕ್ಕೆ ಎದುರಲ್ಲ, ಅದರ ಕೆಳಗಿನ ಪದರದ್ದು. ಆ ಅಸಮಾಧಾನಕ್ಕೆ ಊರೂರಿಗೂ ಬೇರೆ ಬೇರೆ ಚರಿತ್ರೆಯಿದೆ. ಸರ್ಕಾರ ಎಂಬುದು ಒಬ್ಬ ರೈತನ ಹೊಲಕ್ಕೆ ಯಾವ ವರ್ಷ, ಯಾವ ರೂಪದಲ್ಲಿ, ಏನು ಕೈಯಲ್ಲಿ ಹಿಡಿದು ಬಂತು ಎಂದು ಕೇಳದೆ ಅವನ ಓಟನ್ನು ಓದಲು ಹೋಗಬಾರದು.

ಮೊದಲು ನೆಲದ ಮಾತು. ಹಿಮಯುಗದಲ್ಲಿ ಉತ್ತರದಿಂದ ಇಳಿದ ಹಿಮಪದರಗಳು ಮಧ್ಯಪಶ್ಚಿಮದ ಬಹುಭಾಗವನ್ನು ಉಜ್ಜಿ ಸಮ ಮಾಡಿದವು. ಆದರೆ ವಿಸ್ಕಾನ್ಸಿನ್‌ನ ಈ ಮೂಲೆಯನ್ನು ಬಳಸಿಕೊಂಡು ಹೋದವು. ಭೂವಿಜ್ಞಾನಿಗಳು ಇದನ್ನು ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ. ರಾಜ್ಯದ ತುಂಬ ಸಾವಿರಾರು ಸರೋವರಗಳಿದ್ದರೂ ಇಲ್ಲಿ ಹೇಳಿಕೊಳ್ಳುವಂಥ ಸಹಜ ಸರೋವರವಿಲ್ಲ. ಇರುವುದು ಏಣುಗಳು, ಅವುಗಳ ನಡುವೆ ಕಡಿದಾದ ಕಣಿವೆಗಳು, ಕಣಿವೆಗೊಂದು ತೊರೆ. ಮೇಲೆ ಗಾಳಿ ತಂದು ಹರಡಿದ ನಯವಾದ ಮಣ್ಣು, ಕೆಳಗೆ ಸುಣ್ಣಕಲ್ಲು, ಬಿರುಕುಗಳಿರುವ ಮರಳುಗಲ್ಲು. ಆ ಬಿರುಕುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿಗೆ ಸರ್ಕಾರ ಮೊದಲು ಬಂದದ್ದು ಸೈನ್ಯವಾಗಿ. 1832ರ ಆಗಸ್ಟ್ 1 ಮತ್ತು 2ರಂದು, ಬ್ಲ್ಯಾಕ್ ಹಾಕ್ ಎಂಬ ಮುಖಂಡನ ಜೊತೆಗಿದ್ದ ಸಾಕ್ ಮತ್ತು ಫಾಕ್ಸ್ ಜನ ಹಸಿದು ಸೋತು ಮಿಸಿಸಿಪ್ಪಿ ದಾಟಲು ಹವಣಿಸುತ್ತಿದ್ದಾಗ, ಹಿಂದಿನಿಂದ ಸೈನ್ಯ, ನದಿಯಲ್ಲಿ ಫಿರಂಗಿ ಹೊತ್ತ ವಾರಿಯರ್ ಎಂಬ ಉಗಿದೋಣಿ. ನೂರಾರು ಜನ ಸತ್ತರು. ಹೆಂಗಸರು ಮಕ್ಕಳು ಅವರಲ್ಲಿ ಬಹಳ. ಇದನ್ನು ಬ್ಯಾಡ್ ಆಕ್ಸ್ ಕದನ ಎಂದು ಬರೆದಿಟ್ಟರು. ಕದನ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅದು ಹತ್ಯಾಕಾಂಡ. ಈ ನಾಡಿನಲ್ಲಿ ಮೊದಲಿಂದ ಇದ್ದ ಹೋ-ಚಂಕ್ ಜನರಿಂದ 1837ರ ಒಪ್ಪಂದದ ಹೆಸರಿನಲ್ಲಿ ಭೂಮಿ ಬಿಡಿಸಿಕೊಂಡರು. ಅವರನ್ನು ಮತ್ತೆ ಮತ್ತೆ ಪಶ್ಚಿಮಕ್ಕೆ ಅಟ್ಟಿದರು. ಅವರು ಮತ್ತೆ ಮತ್ತೆ ನಡೆದು ವಾಪಸು ಬಂದರು. 1851ರಲ್ಲಿ ಕೌಂಟಿ ರಚನೆಯಾದಾಗ ಅದರ ಹೆಸರೂ ಬ್ಯಾಡ್ ಆಕ್ಸ್ ಎಂದೇ ಇತ್ತು. 1862ರಲ್ಲಿ ಅದನ್ನು ವರ್ನನ್ ಎಂದು ಬದಲಿಸಿದರು.

ಆಮೇಲೆ ಬಂದವರು ನಾರ್ವೆಯವರು, ವೆಸ್ಟ್‌ಬಿ ಮತ್ತು ಕೂನ್ ಕಣಿವೆಯ ಸುತ್ತ. ಹಿಲ್ಸ್‌ಬರೋ ಕಡೆಗೆ ಬೊಹೀಮಿಯಾದ ಚೆಕ್ ಜನ. ಅದೇ ಹಿಲ್ಸ್‌ಬರೋ ಹತ್ತಿರ, ಅಂತರ್ಯುದ್ಧಕ್ಕೂ ಮುಂಚೆಯೇ, ಷೈಯನ್ ಕಣಿವೆಯಲ್ಲಿ ಕಪ್ಪು ಜನರು ಜಮೀನು ಕೊಂಡು ನೆಲೆಸಿದ್ದರು. ಆ ಸಮುದಾಯದ ಆಲ್ಗಾ ಶೈವರ್ಸ್ ಎಂಬ ಕುಶಲಿ ಕಟ್ಟಿದ ದುಂಡನೆಯ ಕೊಟ್ಟಿಗೆಗಳು ಈ ಕೌಂಟಿಯ ಹೆಮ್ಮೆ. ಮಧ್ಯಪಶ್ಚಿಮದ ಹಳ್ಳಿ ಎಂದರೆ ಬಿಳಿಯ ರೈತ ಎಂದು ಒಂದೇ ಏಟಿಗೆ ಬರೆದು ಮುಗಿಸುವವರು ಆ ಕೊಟ್ಟಿಗೆಗಳನ್ನು ಸುತ್ತಿ ಬರಬೇಕು.

ವಿರೋಕ್ವಾದ ಒಬ್ಬ ವ್ಯಕ್ತಿಯನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಜೆರೆಮಯಾ ರಸ್ಕ್. 1882ರಿಂದ 1889ರವರೆಗೆ ರಾಜ್ಯಪಾಲ, ಅಂದರೆ ಚುನಾಯಿತ ಮುಖ್ಯಸ್ಥ. ಆಮೇಲೆ ಬೆಂಜಮಿನ್ ಹ್ಯಾರಿಸನ್ ಸಂಪುಟದಲ್ಲಿ ದೇಶದ ಕೃಷಿ ಕಾರ್ಯದರ್ಶಿ. ಈ ರೈತಬಂಧುವೇ 1886ರಲ್ಲಿ ಮಿಲ್ವಾಕಿಯಲ್ಲಿ ಎಂಟು ಗಂಟೆ ದುಡಿಮೆ ಕೇಳಿದ ಕಾರ್ಮಿಕರ ಮೇಲೆ ಸೈನಿಕರನ್ನು ಕಳಿಸಿದವರು. ಹಳ್ಳಿ ಮತ್ತು ಕಾರ್ಖಾನೆ ಒಂದಾಗಲಿಲ್ಲ ಎಂದು ಇಂದು ಕೊರಗುವವರಿಗೆ ಆ ಬಿರುಕು ಎಷ್ಟು ಹಳೆಯದೆಂದು ಗೊತ್ತಿರಲಿ.

ಈಗ ವಿಷಯದ ನಡುಮನೆಗೆ ಬಂದೆವು. ಏಣಿನ ಮೇಲೂ ಇಳಿಜಾರಿನಲ್ಲೂ ಗೋಧಿ ಬಿತ್ತಿ, ಮೇಲಿನಿಂದ ಕೆಳಕ್ಕೆ ನೇಗಿಲು ಹೊಡೆದು, ಕಡಿದಾದ ಕಾಡುಗಳಲ್ಲಿ ದನ ಮೇಯಿಸಿ, ಎಂಬತ್ತು ವರ್ಷಗಳಲ್ಲಿ ಕೂನ್ ಕ್ರೀಕ್ ಕಣಿವೆಯ ಗುಡ್ಡಗಳನ್ನು ರೈತರು ಬೋಳು ಮಾಡಿದರು. ಮಣ್ಣು ಇಳಿದು ತೊರೆ ತುಂಬಿತು, ಕೆಳಗಿನ ಗದ್ದೆ, ರಸ್ತೆಗಳು ಹೂತುಹೋದವು. 1933ರಲ್ಲಿ, ಆರ್ಥಿಕ ಕುಸಿತದ ನಟ್ಟನಡುವೆ, ಹ್ಯೂ ಹ್ಯಾಮಂಡ್ ಬೆನೆಟ್ ನೇತೃತ್ವದ ಹೊಸ ಮಣ್ಣು ಸವಕಳಿ ತಡೆ ಸೇವೆ ದೇಶದ ಮೊದಲ ಜಲಾನಯನ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡದ್ದು ಈ ಕಣಿವೆಯನ್ನೇ. ಒಂದೊಂದು ಹೊಲವನ್ನು ಬೇರೆಯಾಗಿ ನೋಡದೆ, ಮೂರು ಕೌಂಟಿಗಳಿಗೆ ಹರಡಿದ ಸುಮಾರು 90,000 ಎಕರೆಯ ಇಡೀ ಜಲಾನಯನವನ್ನು ಒಂದು ಘಟಕವಾಗಿ ಹಿಡಿದರು. ಕರ್ನಾಟಕದ ಸುಜಲ ಜಲಾನಯನ ಯೋಜನೆಯ ಕಾಲದಿಂದ ನಮ್ಮ ಕೋಲಾರ, ಚಿತ್ರದುರ್ಗದ ರೈತರಿಗೂ ಪರಿಚಿತವಾದ ಈ ಲೆಕ್ಕಾಚಾರ ಆಗ ಹೊಚ್ಚಹೊಸದು.

ಅಲ್ಲಿ ಸರ್ಕಾರ ಬಂದ ರೀತಿ ಗಮನಿಸಿ. ಬಲವಂತವಿಲ್ಲ, ಭೂಸ್ವಾಧೀನವಿಲ್ಲ. ಒಪ್ಪಂದ. ನಿರುದ್ಯೋಗಿ ತರುಣರಿಗಾಗಿ ಸರ್ಕಾರ ಕಟ್ಟಿದ್ದ ನಾಗರಿಕ ಸಂರಕ್ಷಣಾ ದಳದ ಹುಡುಗರ ದುಡಿಮೆ, ಬೀಜ, ಸುಣ್ಣ, ಬೇಲಿಯ ತಂತಿ ಸರ್ಕಾರದ್ದು. ಸಮಪಾತಳಿಯಲ್ಲಿ ಉಳುವುದು, ಪಟ್ಟೆ ಬೇಸಾಯ ಮಾಡುವುದು, ಕಡಿದಾದ ಕಾಡಿಗೆ ದನ ಬಿಡದಿರುವುದು ರೈತನ ಪಾಲು. ನೂರಾರು ರೈತರು ಸಹಿ ಹಾಕಿದರು. ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ ಸಲಹೆಗಾರರಾಗಿ ಬಂದು, 1935ರಲ್ಲಿ ಈ ಪ್ರಯೋಗದ ಬಗ್ಗೆ ಲೇಖನ ಬರೆದರು. ಇವತ್ತಿಗೂ ವಿಮಾನದಿಂದ ನೋಡಿದರೆ ಗುಡ್ಡಗಳ ಮೇಲೆ ಮೆಕ್ಕೆಜೋಳ, ಕುದುರೆ ಮೆಂತೆಯ ಬಾಗಿದ ಪಟ್ಟೆಗಳು ಹುಲಿಯ ಬೆನ್ನಿನಂತೆ ಕಾಣುತ್ತವೆ. ಭೂಗೋಳಶಾಸ್ತ್ರಜ್ಞ ಸ್ಟ್ಯಾನ್ಲಿ ಟ್ರಿಂಬಲ್ ಈ ಕಣಿವೆಯ ಹೂಳನ್ನು ದಶಕಗಳ ಕಾಲ ಅಳೆದರು. 1930ರ ದಶಕದಲ್ಲಿ ಹೂಳು ತುಂಬುತ್ತಿದ್ದ ವೇಗಕ್ಕೆ ಹೋಲಿಸಿದರೆ ಶತಮಾನದ ಕೊನೆಗೆ ಅದು ಅತ್ಯಲ್ಪ ಎಂದು 1999ರಲ್ಲಿ ತೋರಿಸಿದರು. ಸರ್ಕಾರಿ ಕಾರ್ಯಕ್ರಮವೊಂದು ಗೆದ್ದಿದೆ ಎನ್ನಲು ಇಷ್ಟು ಗಟ್ಟಿ ಸಾಕ್ಷ್ಯ ಸಿಗುವುದು ಅಪರೂಪ.

ಈಗ ಏಣು ದಾಟಿ ಪಕ್ಕದ ಕಣಿವೆಗೆ ಹೋಗೋಣ. ಕಿಕಾಪೂ ನದಿ, ಅಂಕುಡೊಂಕಿಗೆ ಹೆಸರಾದದ್ದು, ಪ್ರವಾಹಕ್ಕೂ. ಅದರ ದಡದ ಲಾ ಫಾರ್ಜ್ ಎಂಬ ಹಳ್ಳಿಯ ಬಳಿ ಅಣೆಕಟ್ಟು ಕಟ್ಟಲು 1962ರಲ್ಲಿ ಸಂಸತ್ತು ಒಪ್ಪಿತು. ಸೇನೆಯ ಎಂಜಿನಿಯರ್ ದಳ 1969ರಿಂದ ಜಮೀನು ಹಿಡಿಯತೊಡಗಿತು. ಸುಮಾರು 140 ಕುಟುಂಬಗಳು ಒಕ್ಕಲೆದ್ದವು, 8,500 ಎಕರೆಗೂ ಹೆಚ್ಚು ಭೂಮಿ ಹೋಯಿತು. ಸರೋವರ ಬರುತ್ತದೆ, ದೋಣಿ ವಿಹಾರ ಬರುತ್ತದೆ, ಪ್ರವಾಸಿಗರು ಬರುತ್ತಾರೆ ಎಂಬ ಭರವಸೆ. 1971ರಲ್ಲಿ ಕೆಲಸ ಶುರುವಾಯಿತು. ಅಷ್ಟರಲ್ಲಿ ಪರಿಸರ ಕಾನೂನುಗಳು ಬಂದಿದ್ದವು, ಸರೋವರದ ನೀರು ಕೊಳೆಯುತ್ತದೆ ಎಂದು ಅಧ್ಯಯನಗಳು ಹೇಳಿದವು, ಖರ್ಚು ಏರಿತು. 1975ರಲ್ಲಿ ಕೆಲಸ ನಿಂತಿತು. ಆಗ ಅದಕ್ಕೆ ಬೆನ್ನು ತಿರುಗಿಸಿದವರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಇದ್ದರು, ಭೂಮಿ ದಿನದ ಕಲ್ಪನೆ ಕೊಟ್ಟವರು. ಅಣೆಕಟ್ಟು ನಿಂತದ್ದು ಸರಿಯೇ. ಆದರೆ ಒಕ್ಕಲೆದ್ದವರ ಕಡೆಯಿಂದ ನೋಡಿ: ಮನೆ ಹೋಯಿತು, ಶಾಲೆಗೆ ಮಕ್ಕಳು ಕಡಿಮೆಯಾದರು, ತೆರಿಗೆ ಕೊಡುವ ಜಮೀನು ಹೋಯಿತು, ಪ್ರವಾಹ ತಪ್ಪಲಿಲ್ಲ, ಸರೋವರವೂ ಬರಲಿಲ್ಲ. ಕಾಂಕ್ರೀಟಿನ ಗೋಪುರ ಮಾತ್ರ ಹೊಲದ ನಡುವೆ ಉಳಿಯಿತು. ನಾವು ಪರಿಸರವಾದಿಗಳು ಇಂಥ ಗೆಲುವುಗಳನ್ನು ಹಾಡಿ ಹೊಗಳುವಾಗ ಆ 140 ಮನೆಗಳ ಲೆಕ್ಕ ಅಡಿಟಿಪ್ಪಣಿಗೆ ಇಳಿಯುತ್ತದೆ.

ಇಪ್ಪತ್ತು ವರ್ಷ ಆ ಭೂಮಿ ಯಾರಿಗೂ ಇಲ್ಲದಂತೆ ಬಿದ್ದಿತ್ತು. 1996ರ ಕೇಂದ್ರ ಕಾನೂನು ಅದನ್ನು ರಾಜ್ಯಕ್ಕೂ, ಸುಮಾರು 1,200 ಎಕರೆಯನ್ನು ಹೋ-ಚಂಕ್ ರಾಷ್ಟ್ರದ ಪರವಾಗಿಯೂ ಒಪ್ಪಿಸಿತು. ಈಗ ಅದು ಕಿಕಾಪೂ ಕಣಿವೆ ಮೀಸಲು. ಸ್ಥಳೀಯರೂ ಹೋ-ಚಂಕ್ ಪ್ರತಿನಿಧಿಗಳೂ ಸೇರಿದ ಮಂಡಳಿಯ ಆಡಳಿತ. 1837ರಲ್ಲಿ ಕಿತ್ತುಕೊಂಡದ್ದರ ಒಂದು ಚೂರು ವಾಪಸು ಬಂದದ್ದು, ಬಿಳಿಯ ರೈತರಿಂದಲೂ ಅದೇ ಸರ್ಕಾರ ಕಿತ್ತುಕೊಂಡ ಮೇಲೆಯೇ. ಇದನ್ನು ನ್ಯಾಯ ಎನ್ನಬೇಕೋ ವ್ಯಂಗ್ಯ ಎನ್ನಬೇಕೋ, ನೀವು ಚರ್ಚಿಸಿ.

ಕೈಬಿಟ್ಟ ಅಣೆಕಟ್ಟಿನ ಊರಾದ ಲಾ ಫಾರ್ಜ್‌ನಲ್ಲಿಯೇ ಇನ್ನೊಂದು ಕಥೆ ಹುಟ್ಟಿತು. 1980ರ ದಶಕದಲ್ಲಿ ಮಧ್ಯಪಶ್ಚಿಮದ ರೈತರು ಸಾಲದಲ್ಲಿ ಮುಳುಗುತ್ತಿದ್ದಾಗ, ಜಾರ್ಜ್ ಸೈಮನ್ ಎಂಬ ರೈತ ಪೋಸ್ಟರ್ ಅಂಟಿಸಿ ನೆರೆಯವರನ್ನು ಕರೆದರು. 1988ರಲ್ಲಿ ಸಾವಯವ ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಇಂದು ಆರ್ಗ್ಯಾನಿಕ್ ವ್ಯಾಲಿ ಹೆಸರಿನಲ್ಲಿ ದೇಶದಾದ್ಯಂತ ಹಾಲು ಮಾರುವ ಆ ಸಂಘದ ಕೇಂದ್ರ ಕಚೇರಿ ಇರುವುದು ಅದೇ ಸಣ್ಣ ಹಳ್ಳಿಯಲ್ಲಿ. ಮಾಮೂಲಿ ಹೈನುಗಾರರ ಗತಿ ಬೇರೆ. ವಿಸ್ಕಾನ್ಸಿನ್‌ನಲ್ಲಿ ಈ ಶತಮಾನದ ಆರಂಭಕ್ಕೆ ಹದಿನೈದು ಸಾವಿರದಷ್ಟಾದರೂ ಇದ್ದ ಹೈನು ಹೊಲಗಳು ಈಗ ಆರು ಸಾವಿರಕ್ಕಿಂತ ಕಡಿಮೆ. 2019ರ ಒಂದೇ ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಕೊಟ್ಟಿಗೆಗಳು ಖಾಲಿಯಾದವು.

ಹೈನು ಬಿಟ್ಟವರ ಹೊಲಗಳನ್ನು ಕೊಳ್ಳುತ್ತಿರುವವರಲ್ಲಿ ಆಮಿಶ್ ಜನರು ಬಹಳ. 1966ರಲ್ಲಿ ಕ್ಯಾಷ್ಟನ್ ಸುತ್ತ ಶುರುವಾದ ಅವರ ನೆಲೆ ಈಗ ರಾಜ್ಯದಲ್ಲೇ ದೊಡ್ಡದು. ಕುದುರೆ ಗಾಡಿ, ದೊಡ್ಡ ಸಂಸಾರ, ಎಂಟನೇ ತರಗತಿಗೆ ಓದು ಮುಕ್ತಾಯ. ಹೀಗೆ ಶಾಲೆ ಬಿಡಿಸುವ ಹಕ್ಕನ್ನು 1972ರಲ್ಲಿ ದೇಶದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ರಾಜ್ಯದ ಮೊಕದ್ದಮೆಯಲ್ಲಿ. ಅವರಲ್ಲಿ ಬಹುಪಾಲು ಓಟು ಹಾಕುವುದಿಲ್ಲ. ಇತ್ತ ವಿರೋಕ್ವಾದಲ್ಲಿ 1970ರ ದಶಕದಿಂದ ನಗರ ಬಿಟ್ಟು ಬಂದ ಸುಶಿಕ್ಷಿತರು ವಾಲ್ಡಾರ್ಫ್ ಶಾಲೆ, ಸಹಕಾರಿ ದಿನಸಿ ಅಂಗಡಿ ನಡೆಸುತ್ತಿದ್ದಾರೆ. ಇವರು ತಪ್ಪದೆ ಓಟು ಹಾಕುತ್ತಾರೆ. 1990ರಲ್ಲಿ 25,617 ಇದ್ದ ಜನಸಂಖ್ಯೆ ಏರಿದ್ದರಲ್ಲಿ ಈ ಎರಡೂ ಬಗೆಯವರ ಪಾಲಿದೆ. ಹಾಗಾಗಿ ಮತದಾರರ ಪಟ್ಟಿಯೂ ಊರಿನ ಜನವೂ ಒಂದೇ ಅಲ್ಲ. ಬೂತುವಾರು ಅಂಕಿ ಹಿಡಿದು ಕೆಲಸ ಮಾಡುವವರು ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಕೊನೆಗೆ 2018. ಆಗಸ್ಟ್ 27ರ ರಾತ್ರಿಯಿಂದ ಬೆಳಗಿನವರೆಗೆ ಸುರಿದ ಮಳೆಗೆ ಕೂನ್ ಕ್ರೀಕ್ ಮತ್ತು ಪಶ್ಚಿಮ ಕಿಕಾಪೂ ಕಣಿವೆಗಳಲ್ಲಿ ಐದು ಮಣ್ಣಿನ ಅಣೆಕಟ್ಟುಗಳು ಒಡೆದವು. ಇವು ಲಾ ಫಾರ್ಜ್‌ನಂಥ ದೈತ್ಯಗಳಲ್ಲ. 1954ರ ಜಲಾನಯನ ಕಾನೂನಿನಡಿ, ಕೂನ್ ಕಣಿವೆಯ ಯಶಸ್ಸಿನ ಮುಂದುವರಿಕೆಯಾಗಿ, ರೈತರೇ ಕೇಳಿ ಕಟ್ಟಿಸಿಕೊಂಡ ಸಣ್ಣ ಒಡ್ಡುಗಳು. ಒಡೆದದ್ದು ಎಲ್ಲಿ? ಒಡ್ಡು ಗುಡ್ಡಕ್ಕೆ ಸೇರುವ ಜಾಗದಲ್ಲಿ, ಆ ಬಿರುಕುಬಿಟ್ಟ ಮರಳುಗಲ್ಲಿನಲ್ಲಿ. ಉಳಿದ ಒಡ್ಡುಗಳನ್ನೂ ತೆಗೆದುಬಿಡುವುದೇ ಮೇಲು ಎಂದು ಮುಂದಿನ ಅಧ್ಯಯನ ಹೇಳಿತು. ಅವುಗಳ ಕೆಳಗೆ ಬದುಕುವವರಿಗೆ ಅದು ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ. ಪ್ರವಾಹದ ನಂತರ ಕೂನ್ ಕ್ರೀಕ್‌ನ ರೈತರು, ಊರಿನವರು ಸೇರಿ ತಮ್ಮದೇ ಜಲಾನಯನ ಮಂಡಳಿ ಮಾಡಿಕೊಂಡರು. ಅಲ್ಲಿ ಕೂರುವವರು ಅಧ್ಯಕ್ಷೀಯ ಚುನಾವಣೆ ನಡೆಯುವ ನವೆಂಬರ್‌ನಲ್ಲಿ ಯಾರಿಗೆ ಓಟು ಹಾಕಿದರು ಎಂಬುದು ಒಡ್ಡಿನ ಚರ್ಚೆಗೆ ಸಹಾಯ ಮಾಡುವುದಿಲ್ಲ.

ನಿಮ್ಮ ಪ್ರಬಂಧಗಳಿಗೆ ನನ್ನ ಕೋರಿಕೆ ಇಲ್ಲಿಂದ ಹುಟ್ಟುತ್ತದೆ. ವಿಸ್ಕಾನ್ಸಿನ್‌ನಲ್ಲಿ ಕೌಂಟಿ ಮಂಡಳಿಯ ಸದಸ್ಯರ ಚುನಾವಣೆ ಏಪ್ರಿಲ್‌ನಲ್ಲಿ ನಡೆಯುತ್ತದೆ. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಒಡ್ಡು, ರಸ್ತೆ, ಸೇತುವೆ ಈ ಮಂಡಳಿಯ ಮುಂದೆ ಬರುತ್ತವೆ. ನಾವು ನವೆಂಬರ್‌ನ ಅಂಕಿ ಓದುವುದರಲ್ಲಿ ನಿಪುಣರು, ಏಪ್ರಿಲ್‌ನ ನಡಾವಳಿ ಪುಸ್ತಕ ತೆರೆಯುವವರು ವಿರಳ. ನಾಳೆಯ ಗೋಷ್ಠಿಗಳಲ್ಲಿ ಯಾವ ಪ್ರದೇಶದ ಬಗ್ಗೆ ಮಾತಾಡಿದರೂ ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಿ. ಇವೆರಡರಲ್ಲಿ ಒಂದೇ ಊರು ಎರಡು ಬಗೆಯಾಗಿ ನಡೆದುಕೊಂಡರೆ ಯಾಕೆ ಎಂದು ಕೇಳಿ. ಹಳೆಯ ಒಪ್ಪಂದ ಪತ್ರ, ಭೂಸ್ವಾಧೀನದ ನೋಟಿಸು, ಪರಿಹಾರದ ರಸೀದಿ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಅದನ್ನು ಓದಿದ ಮೇಲೆಯೇ ಆ ಮನೆಯವರ ಓಟಿನ ಬಗ್ಗೆ ಬರೆಯಿರಿ.